ಮಕ್ಕಳಿಗೆ ಸಾದಾ ಬ್ರಷ್ಷೋ, ಎಲೆಕ್ಟ್ರಿಕ್ಕೋ?

ಶೈಲಜಾ: ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಯಾವುದು ವಾಸಿ ಅನ್ನೋದು ಪ್ರಶ್ನೆ. ಎಲೆಕ್ಟ್ರಿಕ್ ಅಂತಲೇ ನನ್ನ ಉತ್ತರ. ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗುವ ಕೊಕ್ರೇನ್ ಸಂಸ್ಥೆಯ 2014ರ ವಿಮರ್ಶೆ 56 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತ್ತು. ಎಲೆಕ್ಟ್ರಿಕ್ಕನ್ನು ಮೂರು ತಿಂಗಳಿಗಿಂತ ಹೆಚ್ಚು ಬಳಸಿದವರಲ್ಲಿ, ಸಾದಾ ಬ್ರಷ್‌ನವರಿಗಿಂತ ಪ್ಲಾಕ್ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ) 21%, ಒಸಡಿನ ಉರಿಯೂತ 11% ಕಡಿಮೆ. ಮಣಿಕಟ್ಟು ಇನ್ನೂ ಪಳಗದ ವಯಸ್ಸಿನಲ್ಲಿ ಆ ಕೊರತೆಯನ್ನು ಮೋಟಾರು ತುಂಬುತ್ತದೆ.

ಇಕ್ಬಾಲ್: ಅಂಕಿ ಸರಿ. ಆದರೆ ಅದು ಪ್ಲಾಕ್ ಮತ್ತು ಒಸಡಿನ ಲೆಕ್ಕ, ಹುಳುಕಿನದ್ದಲ್ಲ. ಅದರಲ್ಲಿ ದೊಡ್ಡವರೂ ಸೇರಿದ್ದಾರೆ. ಮಕ್ಕಳ ಹುಳುಕನ್ನು ತಡೆಯೋದರಲ್ಲಿ ದೊಡ್ಡ ಪಾಲು ಫ್ಲೋರೈಡ್‌ನದು. ಪೇಸ್ಟಿನಲ್ಲಿ ಅದು ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಇರಲಿ. ಮೂರು ವರ್ಷದ ಒಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ನೊರೆ ಉಗುಳಿಸಿ ಬಿಟ್ಟುಬಿಡಿ. ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ಕೊಚ್ಚಿಹೋಗುತ್ತದೆ. ಇಷ್ಟು ನೆಟ್ಟಗೆ ನಡೆಯುವ ಮನೆಯಲ್ಲಿ ಸಾದಾ ಬ್ರಷ್‌ನಿಂದ ಯಾವ ನಷ್ಟವೂ ಇಲ್ಲ.

ಪ್ರಭಾ: ಎಲೆಕ್ಟ್ರಿಕ್ ಕೊಡಿಸಿದ ಮೇಲೆ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ: ಮಗು ಅದನ್ನೂ ಸಾದಾ ಬ್ರಷ್‌ನಂತೆ ಹಿಂದೆಮುಂದೆ ಉಜ್ಜುತ್ತದೆ. ಆಗ ಬ್ರಷ್‌ನ ತಲೆ ಹಲ್ಲಿನ ಉಬ್ಬಿನ ಮೇಲಷ್ಟೇ ಹಾರಿಹೋಗುತ್ತದೆ, ಒಸಡಿನಂಚು ಹಾಗೇ ಉಳಿಯುತ್ತದೆ. ದುಂಡುತಲೆಯದ್ದನ್ನು ಒಂದೊಂದು ಹಲ್ಲಿನ ಮೇಲೂ ಎರಡು ಸೆಕೆಂಡು ನಿಲ್ಲಿಸಬೇಕು. ಮೊದಲು ಹೊರಬದಿ, ಆಮೇಲೆ ಒಳಬದಿ, ಕೊನೆಗೆ ಅಗಿಯುವ ಮೇಲ್ಮೈ. ಒತ್ತಬಾರದು; ಒತ್ತಿದರೆ ಅಗ್ಗದ ಮೋಟಾರು ನಿಂತೇಹೋಗುತ್ತದೆ. ಪೇಸ್ಟು ಹಾಕಿ, ತಲೆ ಬಾಯೊಳಗೆ ಹೋದ ಮೇಲೆಯೇ ಗುಂಡಿ ಒತ್ತಿ. ಇಲ್ಲವಾದರೆ ಪೇಸ್ಟೆಲ್ಲ ಕನ್ನಡಿಯ ಮೇಲೆ.

ಇಕ್ಬಾಲ್: ಒಪ್ಪಿದೆ. ಆದರೆ ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತಲ್ಲ, ಅದರ ವಿಷಯ ಹೇಳಿ. ಹಾಲುಹಲ್ಲು ಬಿದ್ದ ಜಾಗದಲ್ಲಿ ಅದು ಹುಟ್ಟುವುದಿಲ್ಲ, ಹಾಗಾಗಿ ಎಷ್ಟೋ ಪೋಷಕರಿಗೆ ಬಂದದ್ದೇ ತಿಳಿಯುವುದಿಲ್ಲ. ತಿಂಗಳುಗಟ್ಟಲೆ ಅಕ್ಕಪಕ್ಕದ ಮಟ್ಟಕ್ಕಿಂತ ತಗ್ಗಿನಲ್ಲೇ ಇರುತ್ತದೆ. ಮಾಮೂಲಿಯಂತೆ ಉದ್ದಕ್ಕೆ ಉಜ್ಜಿದರೆ ಬ್ರಷ್ ಅದರ ಮೇಲಿನಿಂದ ದಾಟಿಹೋಗುತ್ತದೆ. ಕೆನ್ನೆಯ ಕಡೆಯಿಂದ ಬ್ರಷ್ಷನ್ನು ಅಡ್ಡಲಾಗಿ ಒಳತಂದು, ಆ ಒಂದು ಹಲ್ಲಿನ ಗುಳಿಗಳನ್ನೇ ಹತ್ತು ಬಾರಿ ತಿಕ್ಕಬೇಕು. ಇದಕ್ಕೆ ಚಿಕ್ಕ ತಲೆಯ ಸಾದಾ ಬ್ರಷ್ಷೇ ಸಲೀಸು. ಎಲೆಕ್ಟ್ರಿಕ್‌ನ ತಲೆ ದಪ್ಪ, ಅಲ್ಲಿ ಕೆನ್ನೆ ಬಿಗಿ.

ಪ್ರಭಾ: ಅಗಲ ಬಾಯಿ ತೆರೆಸಿದರೆ ಕೆನ್ನೆ ಬಿಗಿಯೇ. ಅರ್ಧ ಮುಚ್ಚಿಸಿ, ನಿಮ್ಮ ತೋರುಬೆರಳಿನಿಂದ ಕೆನ್ನೆಯನ್ನು ಹೊರಗೆಳೆಯಿರಿ, ದುಂಡುತಲೆ ಆರಾಮವಾಗಿ ಕೂರುತ್ತದೆ. ಉದ್ದತಲೆಯ ಸೋನಿಕ್ ಬ್ರಷ್, ಅಂದರೆ ತಲೆ ಸುತ್ತದೆ ಅತಿವೇಗವಾಗಿ ಕಂಪಿಸುವ ಎಲೆಕ್ಟ್ರಿಕ್, ಅಲ್ಲಿಗೆ ತುಸು ಕಷ್ಟ, ಅದನ್ನು ಒಪ್ಪುತ್ತೇನೆ.

ಮಧು: ಯಂತ್ರದ ಕಡೆಯಿಂದ ಒಂದೆರಡು ಮಾತು. ಒಂಟಿ ಸೆಲ್ ಹಾಕುವ ಬ್ರಷ್‌ಗಳಲ್ಲಿ ಸೆಲ್ ಇಳಿದಂತೆ ವೇಗವೂ ಇಳಿಯುತ್ತದೆ, ಆದರೆ ನಿಧಾನಕ್ಕೆ ಇಳಿಯುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಮಗು ಉಜ್ಜಿದೆ ಅಂದುಕೊಳ್ಳುತ್ತದೆ, ಎಳೆಗಳು ಸುಮ್ಮನೆ ನಡುಗಿರುತ್ತವೆ. ಚಾರ್ಜ್ ಆಗುವ ಮಾದರಿ, ಎರಡು ನಿಮಿಷದ ಟೈಮರು, 30 ಸೆಕೆಂಡಿಗೊಮ್ಮೆ ಬಾಯಿಯ ಮುಂದಿನ ಕಾಲುಭಾಗಕ್ಕೆ ಹೋಗು ಅನ್ನುವ ಸೂಚನೆ, ಒತ್ತಡ ಹೆಚ್ಚಾದರೆ ಎಚ್ಚರಿಸುವ ಸೆನ್ಸರು, ಇವಿದ್ದರೆ ಮಾತ್ರ ಕೊಳ್ಳಿ. ಸಾದಾ ಬ್ರಷ್‌ಗಿಂತ ನಿರ್ವಹಣೆಯೂ ಹೆಚ್ಚು. ತಲೆ ಮತ್ತು ಹಿಡಿ ಸೇರುವ ಸಂದಿನಲ್ಲಿ ಪೇಸ್ಟು, ನೀರು ನಿಂತು ಕಪ್ಪು ಬೂಷ್ಟು ಹಿಡಿಯುತ್ತದೆ. ಪ್ರತಿ ಸಲ ತಲೆ ಕಳಚಿ ತೊಳೆದು ಬೇರೆಯಾಗಿ ಒಣಗಿಸಿ. ವಾರಕ್ಕೊಮ್ಮೆ ತಲೆ ಎಳೆದು ನೋಡಿ. ಕಚ್ಚಿ ಕಚ್ಚಿ ಸಡಿಲವಾದ ತಲೆ ಬಾಯೊಳಗೇ ಕಳಚಿಕೊಂಡರೆ ಗಂಟಲಿಗೆ ಅಪಾಯ.

ಶೈಲಜಾ: ಬ್ರಷ್ ಕಂಡರೆ ಬಾಯಿ ಬಿಗಿಹಿಡಿಯುವ ಮಗುವಿಗೆ? ಯು ಆಕಾರದ, ಕಚ್ಚಿ ಹಿಡಿಯುವ ಬ್ರಷ್ ಈಗ ಎಲ್ಲೆಡೆ ಕಾಣುತ್ತಿದೆ.

ಇಕ್ಬಾಲ್: ದಯವಿಟ್ಟು ಬೇಡ. ಒಂದೇ ಅಚ್ಚು ಎಲ್ಲ ದವಡೆಗೂ ಹೊಂದುವುದಿಲ್ಲ. ಎಳೆಗಳು ಒಸಡಿನಂಚನ್ನು ಮುಟ್ಟದೆ ಹಲ್ಲಿನ ಮೇಲೆ ಜಾರುತ್ತವೆ, ಪ್ಲಾಕ್ ಹೆಚ್ಚು ಸೇರುವುದು ಆ ಅಂಚಿನಲ್ಲೇ.

ಪ್ರಭಾ: ಬಾಯಿ ಬಿಗಿಹಿಡಿಯುವ ಮಗುವಿಗೆ ಮೊದಲ ಕೆಲವು ದಿನ ಬ್ರಷ್ ಆನ್ ಮಾಡಿ ಅಂಗೈಗೆ, ಆಮೇಲೆ ಕೆನ್ನೆಗೆ ಮುಟ್ಟಿಸಿ. ನಂತರ ಮುಂದಿನ ಹಲ್ಲು, ಕೊನೆಗೆ ದವಡೆ. ಗುಂಯ್‌ಗುಡುವ ಸದ್ದೇ ಸಹಿಸದ ಮಗುವಿಗೆ ಮೆತ್ತನೆಯ ಎಳೆಯ ಸಾದಾ ಬ್ರಷ್ಷೇ ಇರಲಿ, ಒತ್ತಾಯ ಬೇಡ. ಕೈಬೆರಳು ಸರಿಯಾಗಿ ಆಡದ ಮಕ್ಕಳಿಗೆ ಮಾತ್ರ ದಪ್ಪ ಹಿಡಿಯ ಎಲೆಕ್ಟ್ರಿಕ್ ನಿಜವಾಗಿ ದೊಡ್ಡ ನೆರವು.

ಶೈಲಜಾ: ಸರಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು, ಬ್ರಷ್ ಯಾವುದೇ ಇರಲಿ. ದೊಡ್ಡವರ ಕೈಗೆ ಮಣಿಕಟ್ಟಿನ ಕೊರತೆ ಇಲ್ಲವಲ್ಲ, ಅಲ್ಲಿಗೆ ನನ್ನ ವಾದದ ಅರ್ಧ ಬಿತ್ತು. ಮಗು ತಾನೇ ಉಜ್ಜತೊಡಗಿದ ಮೇಲೆ ಎಲೆಕ್ಟ್ರಿಕ್ ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಮಧು: ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪ್ಲಾಕ್‌ಗೆ ಬಣ್ಣ ಹಿಡಿಸುವ ಮಾತ್ರೆ ಸಿಗುತ್ತದೆ. ತುಟಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಮಗು ತಾನೇ ಉಜ್ಜಿಕೊಂಡ ಮೇಲೆ ಮಾತ್ರೆ ಅಗಿಸಿ, ಉಗುಳಿಸಿ, ಟಾರ್ಚು ಬಿಟ್ಟು ನೋಡಿ. ಒಂದು ವಾರ ಸಾದಾ ಬ್ರಷ್, ಮುಂದಿನ ವಾರ ಎಲೆಕ್ಟ್ರಿಕ್. ಕೆಳದವಡೆಯ ಒಳಬದಿ, ನಾಲಿಗೆ ತಾಗುವ ಕಡೆ, ಎರಡು ವಾರದ ಬಣ್ಣವನ್ನೂ ಹೋಲಿಸಿ. ಹಲ್ಲು ಹಲ್ಲಿನ ನಡುವೆ ಉಳಿಯುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಎರಡು ಬ್ರಷ್‌ಗೂ ಹೋಗುವುದಿಲ್ಲ, ಫ್ಲಾಸ್ ದಾರವೇ ಬೇಕು.