ಎರಡಕ್ಕೂ ಲ್ಯಾನ್ ಕೇಬಲ್ ಇದ್ರೂ ಪಿಸಿ ಸ್ಕ್ರೀನ್ ಟಿವಿಗೆ ಬರ್ತಿಲ್ಲ

ಮಲ್ನಾಡ್_ಪಿಸಿ: ತಲೆ ಕೆಟ್ಟುಹೋಗಿದೆ. ಡೆಸ್ಕ್‌ಟಾಪ್, ಟಿವಿ ಎರಡಕ್ಕೂ ಕೇಬಲ್ ಎಳೆದಾಗಿದೆ. ಸ್ಕ್ರೀನ್ ಕಳಿಸೋಕೆ ಕೀಬೋರ್ಡ್‌ನಲ್ಲಿ ವಿಂಡೋಸ್+ಕೆ ಒತ್ತಿದ್ರೆ ಟಿವಿ ಹೆಸರೇ ಕಾಣಲ್ಲ. ಯಾರಾದ್ರೂ ದಾರಿ ಹೇಳಿ.

ಕ್ರಿಂಪಿಂಗ್_ರಾಜ: ಕೇಬಲ್ಲೇ ಸರ್. ಟೆಸ್ಟರ್ ಹಾಕಿ ನೋಡಿ. 100 ಎಂಬಿಪಿಎಸ್ ವೇಗಕ್ಕೆ ಕನೆಕ್ಟರ್‌ನ 1, 2, 3, 6 ಪಿನ್ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು.

ಮಲ್ನಾಡ್_ಪಿಸಿ: ಟಿವಿಯಲ್ಲಿ ಯೂಟ್ಯೂಬ್ ಚೆನ್ನಾಗೇ ಓಡ್ತಿದೆ.

ಕ್ರಿಂಪಿಂಗ್_ರಾಜ: ಬಫರ್ ಇರೋದ್ರಿಂದ, ಅಂದ್ರೆ ಮುಂದಿನ ಭಾಗ ಮೊದಲೇ ತುಂಬಿಕೊಳ್ಳೋದ್ರಿಂದ, ಅದು ಹೇಗೋ ಓಡುತ್ತೆ. ಎರಡೂ ತುದಿ ಕನೆಕ್ಟರ್ ಬದಲಿಸಿ ನೋಡಿ.

ಸಬ್‌ನೆಟ್: ಕೇಬಲ್ ಬಿಡಿ. ವಿಂಡೋಸ್+ಕೆ ಅಂದ್ರೆ ಮಿರಾಕಾಸ್ಟ್ (ವೈರ್ ಇಲ್ಲದೆ ಸ್ಕ್ರೀನ್ ಕಳಿಸೋ ವಿಧಾನ), ಅದು ವೈ-ಫೈ ಡೈರೆಕ್ಟ್, ಅಂದ್ರೆ ರೌಟರ್ ಇಲ್ಲದ ನೇರ ವೈ-ಫೈ ಮೇಲೆ ನಿಂತಿರೋದು. 2017ರ ವಿಂಡೋಸ್ 10 ಆವೃತ್ತಿ 1703ರಿಂದ ಚಿತ್ರ ಲ್ಯಾನ್ ಮೇಲೂ ಹೋಗಬಹುದು, ಆದ್ರೆ ಟಿವಿಗೂ ಅದು ಗೊತ್ತಿರಬೇಕು. ಆಗಲೂ ಟಿವಿಯನ್ನ ಹುಡುಕೋದು ಸಾಮಾನ್ಯವಾಗಿ ವೈ-ಫೈ ಮೂಲಕವೇ. ಪಿಸಿಯಲ್ಲಿ ವೈ-ಫೈ ಇದೆಯಾ? ಟಿವಿ ಯಾವುದು?

ಮಲ್ನಾಡ್_ಪಿಸಿ: ವೈ-ಫೈ ಇಲ್ಲ. ಆಂಡ್ರಾಯ್ಡ್ ಟಿವಿ.

ಸಬ್‌ನೆಟ್: ಹಾಗಾದ್ರೆ ಕ್ರೋಮ್‌ನ ಮೂರು ಚುಕ್ಕಿ ಮೆನುವಿನಲ್ಲಿ ಕಾಸ್ಟ್ ತೆರೆದು, ಸೋರ್ಸಸ್‌ನಲ್ಲಿ 'ಕಾಸ್ಟ್ ಸ್ಕ್ರೀನ್' ಆರಿಸಿ. ಇದಕ್ಕೆ ವೈ-ಫೈ ಬೇಡ.

ಹೋಮ್‌ಥಿಯೇಟರ್_ಹುಬ್ಳಿ: ಇಷ್ಟೆಲ್ಲ ಯಾಕ್ರಿ? 10 ಮೀಟರ್ ಎಚ್‌ಡಿಎಂಐ ಎಳೀರಿ, ಮುಗೀತು. ಇಲ್ಲಾಂದ್ರ ಆ ಲ್ಯಾನ್ ಕೇಬಲ್ಲಿಗೇ ಎಕ್ಸ್‌ಟೆಂಡರ್ (ಎಚ್‌ಡಿಎಂಐ ಚಿತ್ರಾನ ಲ್ಯಾನ್ ಕೇಬಲ್ ಮ್ಯಾಲೆ ಒಯ್ಯೋ ಡಬ್ಬಿ) ಹಾಕ್ರಿ.

ಕ್ರಿಂಪಿಂಗ್_ರಾಜ: ಸಾದಾ ಎಕ್ಸ್‌ಟೆಂಡರ್‌ಗೆ ಈ ತುದಿಯಿಂದ ಆ ತುದಿಗೆ ನೇರ ಕೇಬಲ್ ಬೇಕು. ನಡುವೆ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನ ಕೂಡಿಸೋ ಪೆಟ್ಟಿಗೆ) ಬಂದ್ರೆ ನಡೆಯಲ್ಲ.

ಹೋಮ್‌ಥಿಯೇಟರ್_ಹುಬ್ಳಿ: ಐಪಿ, ಅಂದ್ರ ಮಾಮೂಲಿ ನೆಟ್‌ವರ್ಕ್ ಮ್ಯಾಲೆ ಓಡೋವೂ ಅದಾವ್ರಿ, ಸ್ವಿಚ್ ದಾಟ್ತಾವ.

ಕ್ರಿಂಪಿಂಗ್_ರಾಜ: ಅವುಗಳಲ್ಲಿ ಹೆಚ್ಚಿನವು ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಕಳಿಸೋದು). ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟಿಗೆ ಮಾತ್ರ ಕಳಿಸೋ ವ್ಯವಸ್ಥೆ) ಇಲ್ಲದ ಸ್ವಿಚ್ ಅದನ್ನ ಎಲ್ಲ ಪೋರ್ಟಿಗೂ ಸುರಿಯುತ್ತೆ, ಮನೆ ನೆಟ್ಟೇ ಜಾಮ್.

ಮಲ್ನಾಡ್_ಪಿಸಿ: ದಯವಿಟ್ಟು ನನ್ನ ವಿಷಯಕ್ಕೆ ಬನ್ನಿ. ಕ್ರೋಮ್‌ನಲ್ಲೂ ಟಿವಿ ಕಾಣ್ತಿಲ್ಲ.

ಸಬ್‌ನೆಟ್: ಪಿಸಿ, ಟಿವಿ ಎರಡರ ಐಪಿ ವಿಳಾಸವನ್ನೂ (ನೆಟ್‌ವರ್ಕ್‌ನಲ್ಲಿ ಅವುಗಳ ನಂಬರ್) ಇಲ್ಲಿ ಹಾಕಿ.

ಮಲ್ನಾಡ್_ಪಿಸಿ: ಪಿಸಿ 192.168.1.14. ಟಿವಿ 192.168.0.103. ಟಿವಿ ಕೇಬಲ್ ಹಾಲ್‌ನಲ್ಲಿರೋ ಎರಡನೇ ರೌಟರ್‌ಗೆ ಹೋಗುತ್ತೆ.

ಸಬ್‌ನೆಟ್: ಸಿಕ್ತು. ಐಪಿಯ ಮೂರನೇ ಸಂಖ್ಯೆ ಬೇರೆ ಬೇರೆ (1, 0), ಅಂದ್ರೆ ಎರಡನೇ ರೌಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿದೆ. ಟಿವಿಗೆ ಇಂಟರ್ನೆಟ್ ಸಿಗುತ್ತೆ, ಆದ್ರೆ ಕ್ರೋಮ್ ಟಿವಿಯನ್ನ ಹುಡುಕೋ ಎಂಡಿಎನ್‌ಎಸ್ ಪ್ಯಾಕೆಟ್, ಅಂದ್ರೆ 'ಯಾರಿದ್ದೀರಿ' ಅಂತ ಕೂಗೋ ಸಂದೇಶ (224.0.0.251, ಪೋರ್ಟ್ 5353), ರೌಟರ್ ದಾಟಲ್ಲ. ಹಾಲ್ ರೌಟರ್‌ನ ಲ್ಯಾನ್ ಐಪಿಯನ್ನ 192.168.1.2 ಮಾಡಿ, ಆ ನಂಬರ್ ಮೊದಲ ರೌಟರ್‌ನ ಡಿಎಚ್‌ಸಿಪಿ (ಐಪಿಗಳನ್ನ ತಾನಾಗೇ ಹಂಚೋ ವ್ಯವಸ್ಥೆ) ಹಂಚಿಕೆಯ ಒಳಗೆ ಬರಬಾರದು. ಹೊಸ ಐಪಿಯಲ್ಲಿ ಮತ್ತೆ ಲಾಗಿನ್ ಆಗಿ ಹಾಲ್ ರೌಟರ್‌ನ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಮೊದಲ ರೌಟರ್‌ನಿಂದ ಬರೋ ಕೇಬಲ್ಲನ್ನ ಹಾಲ್ ರೌಟರ್‌ನ ವ್ಯಾನ್ (ಇಂಟರ್ನೆಟ್) ಪೋರ್ಟಿನಿಂದ ಕಿತ್ತು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ, ಟಿವಿ ರೀಸ್ಟಾರ್ಟ್ ಮಾಡಿ. ಟಿವಿಯ ಐಪಿ 192.168.1 ಅಂತ ಶುರುವಾದ್ರೆ ಕೆಲಸ ಆದಂಗೆ.

ಮಲ್ನಾಡ್_ಪಿಸಿ: ಬಂತು ಸರ್! ಮೌಸ್ ಮಾತ್ರ ಸ್ವಲ್ಪ ಹಿಂದೆ ಬೀಳುತ್ತೆ.

ಸಬ್‌ನೆಟ್: ಕ್ರೋಮ್ ಕಾಸ್ಟ್‌ನಲ್ಲಿ ಅಷ್ಟು ತಡ ಇದ್ದೇ ಇರುತ್ತೆ, ಸಿನಿಮಾ, ಸ್ಲೈಡ್‌ಗಳಿಗೆ ತೊಂದರೆಯಿಲ್ಲ. ಗೇಮ್‌ಗಾದ್ರೆ ಪಿಸಿಗೆ ಸನ್‌ಶೈನ್ (ಸ್ಕ್ರೀನ್ ಕಳಿಸೋ ಸಾಫ್ಟ್‌ವೇರ್), ಟಿವಿಗೆ ಮೂನ್‌ಲೈಟ್ (ಅದನ್ನ ತೋರಿಸೋ ಆ್ಯಪ್) ಹಾಕಿ. ಟಿವಿ ತೋರಿಸೋ ಪಿನ್ ಸಂಖ್ಯೆಯನ್ನ ಪಿಸಿಯ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 47990 ತೆರೆದು ಕೊಡಬೇಕು. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದೇ, ಹಾಗಾಗಿ ಮೂನ್‌ಲೈಟ್‌ನ ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ) 1080ಪಿಗೆ 20 ಎಂಬಿಪಿಎಸ್‌ನಿಂದ ಶುರು ಮಾಡಿ.

ಹೋಮ್‌ಥಿಯೇಟರ್_ಹುಬ್ಳಿ: ನಮ್ಮಲ್ಲಿ 4ಕೆ, ಸೆಕೆಂಡಿಗೆ 60 ಫ್ರೇಮ್, ಆಪ್ಟಿಕಲ್ (ಬೆಳಕಿನ ಮೂಲಕ ಸಿಗ್ನಲ್ ಒಯ್ಯೋ) ಎಚ್‌ಡಿಎಂಐ ಕೇಬಲ್, ಒಂದು ಫ್ರೇಮೂ ತಪ್ಪಂಗಿಲ್ಲ.

ಕ್ರಿಂಪಿಂಗ್_ರಾಜ: ಆಪ್ಟಿಕಲ್ ಕೇಬಲ್ ಒಂದು ದಿಕ್ಕಿಗೇ ಓಡೋದು. ಗೋಡೆಯೊಳಗೆ ಎಳೆಯೋ ಮುಂಚೆ ಸೋರ್ಸ್ (ಪಿಸಿ) ತುದಿ, ಡಿಸ್‌ಪ್ಲೇ (ಟಿವಿ) ತುದಿ ನೋಡಿಕೊಳ್ಳಿ.