ಕುಲಶೇಖರದ ಚರ್ಚಿನಲ್ಲಿ ಮುತ್ತಜ್ಜನ ಜ್ಞಾನಸ್ನಾನದ ದಾಖಲೆ ಸಿಗುತ್ತಿಲ್ಲ. ಮುಂದೆ ಎಲ್ಲಿ ಹುಡುಕಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲತಃ ಮಂಗಳೂರಿನ ಕಥೊಲಿಕ ಕುಟುಂಬ. ಅಜ್ಜ ಕೆಲಸಕ್ಕಾಗಿ ಮುಂಬೈಗೆ ಬಂದ ಮೇಲೆ ಇಲ್ಲಿಯೇ ನೆಲೆಸಿದ್ದೇವೆ. ಅಜ್ಜನ 1904ರ ಜ್ಞಾನಸ್ನಾನದ ದಾಖಲೆ ಕುಲಶೇಖರದ ಕೊರ್ಡೆಲ್ ಚರ್ಚಿನಲ್ಲಿ ದೊರೆಯಿತು. ಆದರೆ 1868ರ ಆಸುಪಾಸಿನಲ್ಲಿ ಅದೇ ಮನೆಯಲ್ಲಿ ಹುಟ್ಟಿದರೆಂದು ಹಿರಿಯರು ಹೇಳುವ ಮುತ್ತಜ್ಜನ ಹೆಸರು ಅಲ್ಲಿಲ್ಲ. ನಮ್ಮ ಅಡ್ಡಹೆಸರು ಡಿಸೋಜ ಆಗಿರುವುದರಿಂದ ಬೇರೆ ಪುಸ್ತಕ ತೆರೆದರೂ ನಮ್ಮವರನ್ನು ಗುರುತಿಸುವುದು ಹೇಗೆಂಬ ಚಿಂತೆಯೂ ಇದೆ. ತಂದೆಯವರಿಗೆ ಈಗ ಎಂಬತ್ತೆರಡು ವರ್ಷ. ಅವರ ಕಣ್ಣೆದುರಿಗೇ ಈ ವಂಶಾವಳಿಯನ್ನು ಪೂರ್ಣಗೊಳಿಸಬೇಕೆಂಬ ಆಸೆ ನನ್ನದು.

ಉತ್ತರ 1:

ಕೊರ್ಡೆಲ್ ಚರ್ಚು ಸ್ಥಾಪನೆಯಾದದ್ದೇ 1873ರಲ್ಲಿ. ನಿಮ್ಮ ಮುತ್ತಜ್ಜ ಅದಕ್ಕಿಂತ ಮೊದಲು ಹುಟ್ಟಿದ್ದರೆ ಅವರ ಹೆಸರು ಅಲ್ಲಿರಲು ಸಾಧ್ಯವಿಲ್ಲ. ಮನೆ ಇದ್ದಲ್ಲಿಯೇ ಇತ್ತು, ಆದರೆ ಅದು ಸೇರಿದ್ದ ಚರ್ಚು ಬದಲಾಯಿತು. ಮಂಗಳೂರಿನಲ್ಲಿ ಹಿರಿಯರನ್ನು ಹುಡುಕುವವರು ಮೊದಲು ಎಡವುವುದು ಇಲ್ಲಿಯೇ. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚು 1680ರದ್ದು, ಬೋಳಾರದ ರೊಜಾರಿಯೊ 1568ರದ್ದು. ಮೊದಲು ಮಿಲಾಗ್ರಿಸ್‌ನಲ್ಲಿ ವಿಚಾರಿಸಿ, ಅಲ್ಲಿ ಸಿಗದಿದ್ದರೆ ರೊಜಾರಿಯೊಗೆ ಹೋಗಿ. ಧರ್ಮಗುರುಗಳಿಗೆ ಮುಂಚಿತವಾಗಿ ಪತ್ರ ಬರೆದು, ಒಂದೇ ವರ್ಷವನ್ನು ಹೇಳದೆ 1864ರಿಂದ 1872ರವರೆಗೆ ನೋಡಲು ಅನುಮತಿ ಕೇಳಿ, ಏಕೆಂದರೆ ಮನೆಯವರ ನೆನಪಿನಲ್ಲಿ ಉಳಿದ ಇಸವಿ ನಾಲ್ಕೈದು ವರ್ಷ ಹಿಂದುಮುಂದಾಗಿರುವುದು ಸಾಮಾನ್ಯ. ಚರ್ಚಿನ ಪುಸ್ತಕ ಲ್ಯಾಟಿನ್‌ನಲ್ಲಿದ್ದರೆ ಜುವಾಂವ್ ಎಂಬವರು ಯೊವಾನ್ನೆಸ್ ಆಗಿಯೂ ಜುಜೆ ಎಂಬವರು ಯೊಸೆಫುಸ್ ಆಗಿಯೂ ಕಾಣಿಸುತ್ತಾರೆ.

ಅಜ್ಜನ ದಾಖಲೆಯನ್ನೂ ಮತ್ತೊಮ್ಮೆ, ಪ್ರಮಾಣಪತ್ರದಲ್ಲಲ್ಲ, ಮೂಲ ಪುಟದಲ್ಲಿಯೇ ನೋಡಿ. 1908ರಿಂದ ಜಾರಿಗೆ ಬಂದ ನಿಯಮದಂತೆ, ಒಬ್ಬರು ಎಲ್ಲಿ ಮದುವೆಯಾದರೂ ಆ ಸಂಗತಿಯನ್ನು ಅವರ ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ಬರೆಯಬೇಕು. ಅಜ್ಜ ಮುಂಬೈಯ ಯಾವ ಚರ್ಚಿನಲ್ಲಿ, ಯಾವ ದಿನ ಮದುವೆಯಾದರೆಂಬುದು ಆ ಅಂಚಿನ ಸಣ್ಣ ಅಕ್ಷರಗಳಲ್ಲಿ ಇರಬಹುದು.

ಉತ್ತರ 2:

ಡಿಸೋಜಗಳ ನಡುವೆ ನಿಮ್ಮವರನ್ನು ಗುರುತಿಸಲು ಅಡ್ಡಹೆಸರಿಗಿಂತ ಜ್ಞಾನಸ್ನಾನದ ತಂದೆತಾಯಿಗಳ (ಹೆತ್ತವರಲ್ಲ, ಆ ವಿಧಿಯಲ್ಲಿ ಮಗುವಿನ ಪರವಾಗಿ ನಿಲ್ಲುವವರು) ಹೆಸರು ಹೆಚ್ಚು ನೆರವಾಗುತ್ತದೆ, ಏಕೆಂದರೆ ಅವರು ಬಹುಮಟ್ಟಿಗೆ ಹತ್ತಿರದ ನೆಂಟರೇ ಆಗಿರುತ್ತಿದ್ದರು. ಚೊಚ್ಚಲ ಮಗನಿಗೆ ತಂದೆಯ ತಂದೆಯ ಹೆಸರನ್ನಿಡುವ ಪದ್ಧತಿಯೂ ನಮ್ಮಲ್ಲಿತ್ತು. ನಿಮ್ಮ ಅಜ್ಜ ಚೊಚ್ಚಲರಾಗಿದ್ದರೆ ಮುತ್ತಜ್ಜನ ತಂದೆಯ ಹೆಸರು ಈಗಾಗಲೇ ನಿಮ್ಮ ಕೈಯಲ್ಲಿರಬಹುದು. ಮನೆಯ ಹಿರಿಯರಿಗೆ ಪ್ರಭು, ಕಾಮತ್, ಶೆಣೈ ಎಂಬಂಥ, ಕ್ರೈಸ್ತರಾಗುವ ಮುಂಚಿನ ಹಳೆಯ ಮನೆತನದ ಹೆಸರು ನೆನಪಿದೆಯೇ ಎಂದೂ ಕೇಳಿ.

ಮದುವೆಯ ಪುಸ್ತಕವನ್ನು ಮಾತ್ರ ಬಿಡಬೇಡಿ. ನಮ್ಮ ಮುತ್ತಜ್ಜಿಯ ಮದುವೆಯ ದಾಖಲೆಯಲ್ಲಿ, ಎರಡು ಹೆಸರುಗಳ ಕೆಳಗೆ, ಮೂರನೆಯ ಹಂತದ ರಕ್ತಸಂಬಂಧಕ್ಕೆ ವಿನಾಯಿತಿ ನೀಡಲಾಗಿದೆ ಎಂಬ ಒಂದು ಸಾಲು ಲ್ಯಾಟಿನ್‌ನಲ್ಲಿತ್ತು. ಅದರ ಅರ್ಥ ವಧೂವರರಿಗೆ ಒಬ್ಬರೇ ಮುತ್ತಜ್ಜ ಅಥವಾ ಒಬ್ಬರೇ ಮುತ್ತಜ್ಜಿ ಇದ್ದರೆಂದು. ಬೇರೆ ಬೇರೆಯೆಂದು ನಾವು ಬರೆದಿಟ್ಟಿದ್ದ ಎರಡು ಕುಟುಂಬಗಳು ಆ ಒಂದು ಸಾಲಿನಿಂದ ಒಂದೇ ಬುಡಕ್ಕೆ ಸೇರಿದವು, ಮತ್ತು ನನ್ನ ತಾಯಿ ಆ ಪುಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಿದ್ದರು.

ಉತ್ತರ 3:

ಮನೆ ಬದಲಾಗಿಲ್ಲವಾದ್ದರಿಂದ ಜಮೀನಿನ ಕಾಗದಗಳೂ ಉಪಯೋಗಕ್ಕೆ ಬರುತ್ತವೆ. ನಿಮ್ಮ ಹಿತ್ತಿಲು ಮೂಲಗೇಣಿಯದ್ದಾಗಿದ್ದರೆ (ಎಂದರೆ ಶಾಶ್ವತ ಗೇಣಿಯದ್ದು) ಹಳೆಯ ಗೇಣಿಪತ್ರದಲ್ಲಿ ತಂದೆಯ ಹೆಸರಿನೊಂದಿಗೆ ಒಕ್ಕಲಿನ ಹೆಸರಿರುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿ. ಹಾಗೆಯೇ ಚರ್ಚಿನ ನಿಮ್ಮ ವಾರ್ಡಿನ ಗುರಿಕಾರರನ್ನು, ಎಂದರೆ ಮುಖಂಡರನ್ನು, ಭೇಟಿಯಾಗಿ. ಯಾವ ಮನೆಯವರು ಯಾವ ಮನೆಯಿಂದ ಪಾಲಾಗಿ ಹೋದರೆಂಬುದನ್ನು ಅವರಷ್ಟು ತಿಳಿದವರು ಕಡಿಮೆ.

ಎಷ್ಟು ಹಿಂದಕ್ಕೆ ಹೋಗಬಹುದೆಂಬ ಬಗ್ಗೆ ಒಂದು ಮಾತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಮಿಲಾಗ್ರಿಸ್ ಸೇರಿದಂತೆ ಹಲವು ಚರ್ಚುಗಳು ನೆಲಸಮವಾದವು, ಮತ್ತು ಬದುಕುಳಿದವರು ಮರಳಿ ಬಂದು ನೆಲೆಯೂರಿದ್ದು 1799ರ ನಂತರ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎಳೆ ಕಡಿದುಹೋದರೆ ನಿಮ್ಮ ಹುಡುಕಾಟದಲ್ಲಿ ತಪ್ಪಾಯಿತೆಂದು ಭಾವಿಸಬೇಡಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಅಜ್ಜ ಚೊಚ್ಚಲರೇ ಹೌದು. ತಂದೆಯವರನ್ನು ಕೇಳಿದಾಗ, ಅವರ ಅಜ್ಜಿ ಮಾವನ ಹೆಸರು ಎತ್ತಬಾರದೆಂದು ಮಗನನ್ನು ಎಂದೂ ಹೆಸರು ಹಿಡಿದು ಕರೆಯದೆ ‘ಬಾಬ್’ ಎಂದೇ ಕರೆಯುತ್ತಿದ್ದರೆಂದು ತಿಳಿಸಿದರು. ಮಿಲಾಗ್ರಿಸ್‌ಗೆ ಇಂದೇ ಪತ್ರ ಬರೆಯುತ್ತಿದ್ದೇನೆ.