ಸಹಾಯ ಬೇಕು: ಡಿಸ್ಕ್ ಡ್ರೈವ್ ಮೋಟಾರ್ ಹೌಸಿಂಗ್ ಲೀಕ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಡೈ ಕಾಸ್ಟಿಂಗ್ (ಕರಗಿದ ಲೋಹವನ್ನು ಒತ್ತಡದಿಂದ ಡೈ ಎಂಬ ಅಚ್ಚಿಗೆ ತುಂಬುವ) ಘಟಕದಲ್ಲಿ ಕೆಲಸ ಮಾಡುತ್ತೇನೆ. ಹಾರ್ಡ್ ಡಿಸ್ಕ್ ಮೋಟಾರ್ ಕೂರುವ ಅಲ್ಯೂಮಿನಿಯಂ ಹೌಸಿಂಗ್‌ನ ಸ್ಯಾಂಪಲ್ ಮಾಡುತ್ತಿದ್ದೇವೆ. ಲೋಹ ಎಡಿಸಿ 12 ಎಂಬ ಅಲ್ಯೂಮಿನಿಯಂ ಮಿಶ್ರಲೋಹ; ಮೆಷಿನ್ ಕೋಲ್ಡ್ ಚೇಂಬರ್, ಅಂದರೆ ಬೇರೆ ಕುಲುಮೆಯಲ್ಲಿ ಕರಗಿಸಿದ ಲೋಹವನ್ನು ಸುರಿಯುವಂಥದ್ದು.

ಡೈಯಿಂದ ಪೀಸ್ ಚೆನ್ನಾಗಿಯೇ ಬರುತ್ತದೆ. ತೊಂದರೆ ಮೆಷಿನಿಂಗ್ ಆದ ಮೇಲೆ. ಮೋಟಾರ್ ಕೂರುವ ಬಾಸ್ (ದಪ್ಪ ಉಬ್ಬು ಭಾಗ) ಬೋರ್ ಮಾಡಿದರೆ ಮೇಲಿನ ಗಟ್ಟಿ ಪದರ ಹೋಗಿ, ಒಳಗಿನ ಸಣ್ಣ ತೂತುಗಳು ಬಾಯಿ ಬಿಡುತ್ತವೆ. ಹೀಲಿಯಂ ಲೀಕ್ ಟೆಸ್ಟ್‌ನಲ್ಲಿ ಫೇಲ್. ಹೀಲಿಯಂ ತುಂಬುವ ಡ್ರೈವ್‌ಗೆ ಇಂಥ ಪೀಸ್ ನಡೆಯುವುದೇ ಇಲ್ಲ ಅಲ್ವಾ?

ಕರಗಿದ ಲೋಹಕ್ಕೆ ನೈಟ್ರೋಜನ್ ಹಾಯಿಸಿ ಡೀಗ್ಯಾಸ್ ಮಾಡಿದೆವು, ಅಂದರೆ ಒಳಗಿನ ಅನಿಲ ತೆಗೆದೆವು. ಶಾಟ್‌ನ (ಲೋಹವನ್ನು ಡೈಗೆ ತಳ್ಳುವುದರ) ಮೊದಲ ಹಂತ ನಿಧಾನ ಮಾಡಿದೆವು. ಓವರ್‌ಫ್ಲೋ (ಹೆಚ್ಚುವರಿ ಲೋಹ ಹೋಗಿ ಸೇರುವ ಗುಂಡಿ) ದೊಡ್ಡದು ಮಾಡಿ, ಪೀಸ್ ಅಂಟದಂತೆ ಹಾಕುವ ಡೈ ಸ್ಪ್ರೇ ಕಡಿಮೆ ಮಾಡಿದೆವು. ಸ್ವಲ್ಪ ಸುಧಾರಿಸಿತು, ಅಷ್ಟೇ. ಕೊನೆಯ ಒತ್ತಡ ಏರಿಸಿದರೆ ಫ್ಲ್ಯಾಶ್ (ಡೈ ಸಂದಿಯಿಂದ ಹೊರಬರುವ ತೆಳು ಲೋಹ) ಜಾಸ್ತಿ. ರೆಸಿನ್ ತುಂಬಿಸಿ ತೂತು ಮುಚ್ಚಲು ಗ್ರಾಹಕರು ಒಪ್ಪುತ್ತಿಲ್ಲ. ಅದರಿಂದ ಆವಿ ಬಂದರೆ ಡಿಸ್ಕ್, ಹೆಡ್ ಎರಡೂ ಕೆಡುತ್ತವೆ ಎನ್ನುವುದು ಅವರ ಮಾತು, ನ್ಯಾಯವಾದದ್ದೇ.

ಗೊಂದಲ ಇಲ್ಲಿದೆ. ಬಾಸ್ ಕತ್ತರಿಸಿ ನೋಡಿದಾಗ ನುಣುಪಾದ ದುಂಡು ತೂತುಗಳೂ ಇವೆ, ಒರಟು ಅಂಚಿನವೂ ಇವೆ. ದುಂಡಗಿನದು ಸಿಕ್ಕಿಬಿದ್ದ ಗಾಳಿಯದು, ಒರಟಿನದು ಲೋಹ ಕುಗ್ಗಿದ್ದರದು. ಬಾಸ್ ದಪ್ಪ, ಸುತ್ತಲ ಗೋಡೆ ತೆಳು. ಗೋಡೆ ಮೊದಲು ಗಟ್ಟಿಯಾಗಿ ಬಾಸ್‌ಗೆ ಒತ್ತಡ ತಲುಪುತ್ತಿಲ್ಲ ಅನಿಸುತ್ತದೆ.

ಈಗ ಒಂದಕ್ಕೆ ಮಾತ್ರ ದುಡ್ಡಿದೆ. ಇಂಥ ಪೀಸ್ ಮಾಡಿದವರು ಹೇಳಿ: ಡೈ ಒಳಗಿನ ಗಾಳಿ ಎಳೆಯುವ ವ್ಯಾಕ್ಯೂಮ್ ಮೊದಲು ಹಾಕಿಸಲೋ, ಬಾಸ್ ಜಾಗದಲ್ಲಿ ಸ್ಕ್ವೀಜ್ ಪಿನ್ (ಗಟ್ಟಿಯಾಗುತ್ತಿರುವ ಲೋಹವನ್ನು ಅಲ್ಲೇ ಒತ್ತುವ ಪಿನ್) ಕೂರಿಸಲೋ? ಪಿನ್ ಆದರೆ, ಲೋಹ ತುಂಬಿದ ಎಷ್ಟು ಹೊತ್ತಿಗೆ ಒತ್ತಬೇಕು?